ಅರವತ್ತಕ್ಕೆ ನೂರಿಪ್ಪತ್ತು, ಎಂಬತ್ತಕ್ಕೆ ಯಾಕೆ ನೂರರವತ್ತಲ್ಲ?

ಪ್ರಶ್ನೆ: ಸರ್, ನಾನು ಹಿಟ್ಟಿನ ಗಿರಣಿ ನಡೆಸುವವನು. ಮಗಳು ಹತ್ತನೇ ತರಗತಿ. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆಯುವ ರಚನೆಯಲ್ಲಿ, ಸ್ಪರ್ಶಕಗಳ ನಡುವೆ 60° ಬೇಕೆಂದರೆ ಕೇಂದ್ರದಲ್ಲಿ 120° ಹಾಕಬೇಕು ಎಂದು ಕಲಿಸಿದ್ದಾರೆ. ಕಿರುಪರೀಕ್ಷೆಯಲ್ಲಿ 3 ಸೆಂ.ಮೀ. ತ್ರಿಜ್ಯ ಕೊಟ್ಟು 80° ಕೇಳಿದರು. ಇವಳು ಕೇಂದ್ರದಲ್ಲಿ 160° ಹಾಕಿದಳು. ಗೆರೆಗಳು ಪುಟದ ಅಂಚಿಗೆ ಹೋದರೂ ಒಂದನ್ನೊಂದು ಕೂಡಲೇ ಇಲ್ಲ, ಸೊನ್ನೆ ಬಂತು. ‘60ಕ್ಕೆ 120 ಅಂದ್ರೆ ಡಬಲ್ ತಾನೇ ಅಪ್ಪಾ?’ ಅನ್ನುತ್ತಾಳೆ. ನನಗೂ ಹಾಗೇ ಕಾಣುತ್ತದೆ. ಹೊರಗಿನ ಬಿಂದುವನ್ನು ಎರಡರಷ್ಟು ದೂರ ಒಯ್ದರೆ ಕೋನ ಅರ್ಧ ಆಗುತ್ತದೆಯೇ ಅಂತಲೂ ಕೇಳಿದಳು; ಹೇಳಲು ಗೊತ್ತಾಗಲಿಲ್ಲ. ಕೊನೆಯದು ನನ್ನದೇ ಪ್ರಶ್ನೆ: ಪರೀಕ್ಷೆ ಬಿಟ್ಟರೆ ಇದು ನಮ್ಮಂಥವರಿಗೆ ಎಲ್ಲಿ ಬೇಕಾಗುತ್ತದೆ?

ಉತ್ತರ: ನಿಮ್ಮ ಮಗಳ ತಪ್ಪು ನಾನು ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡ ತಪ್ಪು. ದೂರಬೇಕಾದ್ದು ಅವಳನ್ನಲ್ಲ, 60 ಎಂಬ ಸಂಖ್ಯೆಯನ್ನು. ಮಕ್ಕಳಿಗೆ ಮೊದಲ ಉದಾಹರಣೆಯಾಗಿ ಹೆಚ್ಚಾಗಿ ಕೊಡುವುದು ಇದನ್ನೇ. 60ರ ಎರಡರಷ್ಟೂ 120, 180ರಲ್ಲಿ 60 ಕಳೆದರೂ 120. ಎರಡು ಬೇರೆ ಬೇರೆ ದಾರಿಗಳು ಒಂದೇ ಮನೆಗೆ ಬಂದು ಸೇರುವ ಒಂದೇ ಒಂದು ಜಾಗ ಅದು. ಅಲ್ಲಿ ನಿಂತು ನೋಡಿದ ಮಗುವಿಗೆ ಯಾವ ದಾರಿಯಲ್ಲಿ ಬಂದೆವು ಎಂಬುದು ಕಾಣುವುದಿಲ್ಲ. ಅದರ ಮೇಲೆ, ಒಂಬತ್ತನೇ ತರಗತಿಯಲ್ಲಿ ‘ಕೇಂದ್ರದಲ್ಲಿನ ಕೋನ ಪರಿಧಿಯಲ್ಲಿನ ಕೋನದ ಎರಡರಷ್ಟು’ ಎಂದು ಕಲಿತದ್ದು ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಆ ಪ್ರಮೇಯ ವೃತ್ತದ ಮೇಲಿರುವ ಬಿಂದುವಿಗೆ. ನಮ್ಮ ಬಿಂದು ವೃತ್ತದಿಂದ ಹೊರಗಿದೆ.

‘ಡಬಲ್’ ನಿಯಮ ನಿಜವೆಂದು ಒಂದು ನಿಮಿಷ ಒಪ್ಪಿಕೊಂಡು ನೋಡೋಣ. ಸ್ಪರ್ಶಕಗಳ ನಡುವೆ 90° ಬೇಕು ಎಂದರೆ ಕೇಂದ್ರದಲ್ಲಿ 180° ಹಾಕಬೇಕಾಗುತ್ತದೆ. ಆಗ ಎರಡು ತ್ರಿಜ್ಯಗಳು ಸೇರಿ ಒಂದೇ ವ್ಯಾಸವಾಗುತ್ತವೆ, ಅದರ ಎರಡು ತುದಿಗಳಲ್ಲಿ ಎಳೆದ ಸ್ಪರ್ಶಕಗಳು ಸಮಾಂತರ ರೇಖೆಗಳಾಗುತ್ತವೆ, ರೈಲು ಹಳಿಯ ಹಾಗೆ. ಅವು ಕೂಡುವುದೇ ಇಲ್ಲ; 90° ಎಲ್ಲಿಂದ ಬರಬೇಕು? ಈ ಒಂದು ಉದಾಹರಣೆ ಸಾಕು ಅವಳಿಗೆ. ದೊಡ್ಡವರು ‘ನಿಯಮ ಹಾಗಿಲ್ಲ’ ಎಂದು ಹೇಳುವುದಕ್ಕಿಂತ, ತನ್ನ ನಿಯಮ ತನ್ನ ಕೈಯಲ್ಲೇ ಮುರಿಯುವುದನ್ನು ಮಗು ನೋಡಿದರೆ ಅದು ಮರೆಯುವುದಿಲ್ಲ.

ಈಗ ಸರಿಯಾದ ಲೆಕ್ಕ. ಕೇಂದ್ರ ಓ, ಹೊರಗಿನ ಬಿಂದು ಪಿ, ಸ್ಪರ್ಶಬಿಂದುಗಳು ಎ ಮತ್ತು ಬಿ. ಓಎಪಿಬಿ ಒಂದು ಚತುರ್ಭುಜ, ಗಾಳಿಪಟದ ಆಕಾರದ್ದು. ಚತುರ್ಭುಜದ ನಾಲ್ಕು ಕೋನಗಳ ಮೊತ್ತ 360°. ಸ್ಪರ್ಶಬಿಂದುವಿನಲ್ಲಿ ತ್ರಿಜ್ಯವೂ ಸ್ಪರ್ಶಕವೂ ಲಂಬ, ಹಾಗಾಗಿ ಎಯಲ್ಲಿ 90°, ಬಿಯಲ್ಲಿ 90°. ಈ ಎರಡು ಮೂಲೆಗಳು ಜಗ್ಗುವವಲ್ಲ, ಪಿಯನ್ನು ಎಲ್ಲಿಗೆ ಒಯ್ದರೂ ಅವು 90° ಆಗಿಯೇ ಇರುತ್ತವೆ. ಉಳಿದ 180° ಓ ಮತ್ತು ಪಿ ಎರಡರ ನಡುವೆ ಹಂಚಿಕೆಯಾಗಬೇಕು. ಪಾಲಿನಲ್ಲಿ ಒಬ್ಬನಿಗೆ ಹೆಚ್ಚು ಹೋದರೆ ಇನ್ನೊಬ್ಬನಿಗೆ ಅಷ್ಟೇ ಕಡಿಮೆ. ಪಿಗೆ 60° ಕೊಟ್ಟರೆ ಓಗೆ 120°, ಪಿಗೆ 80° ಕೊಟ್ಟರೆ ಓಗೆ 100°. ಪಠ್ಯದ ಮಾತಿನಲ್ಲಿ ಇವು ಪರಿಪೂರಕ ಕೋನಗಳು.

ಹಾಗಾದರೆ ಅವಳು 160° ಹಾಕಿದಾಗ ಏನಾಯಿತು? ಪಿಗೆ ಉಳಿದದ್ದು 20° ಮಾತ್ರ. 3 ಸೆಂ.ಮೀ. ತ್ರಿಜ್ಯದ ವೃತ್ತಕ್ಕೆ 20°ಯಲ್ಲಿ ಸ್ಪರ್ಶಕಗಳು ಕೂಡಬೇಕೆಂದರೆ ಪಿ ಕೇಂದ್ರದಿಂದ ಸುಮಾರು 17.3 ಸೆಂ.ಮೀ. ದೂರದಲ್ಲಿ ಬೀಳುತ್ತದೆ. ಪುಟದ ನಡುವೆ ವೃತ್ತ ಬರೆದವರಿಗೆ ಅದು ಪುಟದಾಚೆ. ಕೇಳಿದ್ದ 80°ಗಾದರೆ ಪಿ ಇರಬೇಕಾದದ್ದು 4.7 ಸೆಂ.ಮೀ. ದೂರದಲ್ಲಿ, ವೃತ್ತದ ಪಕ್ಕದಲ್ಲೇ. ಅಂದರೆ ಪುಟವೇ ಅವಳಿಗೆ ‘ಎಲ್ಲೋ ತಪ್ಪಿದೆ’ ಎಂದು ಹೇಳುತ್ತಿತ್ತು. ರಚನೆ ಶುರು ಮಾಡುವ ಮೊದಲು ಕೈಯಲ್ಲಿ ಒಂದು ಕಚ್ಚಾ ಚಿತ್ರ ಬರೆದುಕೊಳ್ಳಿ ಎಂದು ಮೇಷ್ಟ್ರುಗಳು ಹೇಳುವುದು ಇದಕ್ಕೇ. 80° ಅಗಲವಾಗಿ ಬಾಯಿ ತೆರೆದ ಕೋನ, ಅದರೊಳಗೆ ವೃತ್ತ ಮೂಲೆಗೆ ಒತ್ತಿಕೊಂಡು ಕೂರುತ್ತದೆ.

ಪಿಯಲ್ಲೇ ಮೊದಲು 80° ಬರೆದು ಆಮೇಲೆ ವೃತ್ತ ಕೂರಿಸಬಾರದೇ ಎಂದು ಚುರುಕು ಮಕ್ಕಳು ಕೇಳುತ್ತಾರೆ. ಕೂರಿಸಬಹುದು. ಕೋನವನ್ನು ಅರ್ಧಿಸಿ, ಒಂದು ಭುಜಕ್ಕೆ 3 ಸೆಂ.ಮೀ. ಅಂತರದಲ್ಲಿ ಕೋನದ ಒಳಗಡೆ ಸಮಾಂತರ ರೇಖೆ ಎಳೆದರೆ, ಅದು ಕೋನಾರ್ಧಕವನ್ನು ಕಡಿಯುವ ಜಾಗವೇ ಕೇಂದ್ರ. ಜ್ಯಾಮಿತಿಯಾಗಿ ಚೊಕ್ಕ. ಆದರೆ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ‘ಇಂಥ ತ್ರಿಜ್ಯದ ವೃತ್ತವನ್ನು ರಚಿಸಿ, ಅದಕ್ಕೆ ಸ್ಪರ್ಶಕ ಎಳೆಯಿರಿ’ ಎಂದಿರುವುದರಿಂದ ವೃತ್ತದಿಂದ ಶುರು ಮಾಡುವುದೇ ಕ್ಷೇಮ.

ಇನ್ನೊಂದು ಜೋಡಿ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬಹುಆಯ್ಕೆ ಪ್ರಶ್ನೆಗಳಲ್ಲಿ ಬರುವುದು ಇವೇ. ಓಪಿ ಎಳೆಯಿರಿ. ಗಾಳಿಪಟ ಎರಡು ಲಂಬಕೋನ ತ್ರಿಭುಜಗಳಾಗಿ ಸೀಳುತ್ತದೆ. ಎರಡಕ್ಕೂ ವಿಕರ್ಣ, ಅಂದರೆ ಲಂಬಕೋನಕ್ಕೆ ಎದುರಿನ ಬಾಹು, ಅದೇ ಓಪಿ; ಎರಡರಲ್ಲೂ ಒಂದು ಬಾಹು ತ್ರಿಜ್ಯ. ಹಾಗಾಗಿ ಎರಡೂ ಸರ್ವಸಮ. ಪಿಎ, ಪಿಬಿ ಸಮ ಎಂಬ ಪ್ರಮೇಯ ಇಲ್ಲಿಂದಲೇ ಬರುತ್ತದೆ, ಓಪಿ ಎರಡೂ ಕೋನಗಳನ್ನು ಅರ್ಧಿಸುತ್ತದೆ ಎಂಬುದೂ ಇಲ್ಲಿಂದಲೇ. ಪಿಯಲ್ಲಿ 80° ಇದ್ದರೆ ಎಓಪಿ ಕೋನ 50°. ಇನ್ನು ಎಬಿ ಜ್ಯಾ ಎಳೆದರೆ ಪಿಎಬಿ ಸಮದ್ವಿಬಾಹು ತ್ರಿಭುಜ, ಅದರ ಪಾದಕೋನಗಳು 50°, 50°. ಎಯಲ್ಲಿ ಒಟ್ಟು 90° ಇರುವುದರಿಂದ ಓಎಬಿ ಕೋನಕ್ಕೆ ಉಳಿದದ್ದು 40°. ಪಿಯ ಕೋನದ ಸರಿಯಾಗಿ ಅರ್ಧ. ‘ಡಬಲ್’ ಎಂಬ ಮಾತಿಗೆ ಈ ಚಿತ್ರದಲ್ಲಿ ನಿಜವಾದ ಜಾಗ ಇದು: ಪಿಯ ಕೋನ ಓಎಬಿ ಕೋನದ ಎರಡರಷ್ಟು.

ದೂರದ ಪ್ರಶ್ನೆಗೆ ಬರೋಣ. ಅದು ಅಪ್ಪ-ಮಗಳಿಬ್ಬರೂ ಕೂತು ಮಾಡಿ ನೋಡಬೇಕಾದ ಪ್ರಶ್ನೆ. ಡಬ್ಬಿಯ ಒಂದು ದುಂಡು ಮುಚ್ಚಳ ತೆಗೆದುಕೊಂಡು ಹಾಳೆಯ ಮೇಲಿಡಿ. ಎರಡು ಅಳತೆಪಟ್ಟಿಗಳನ್ನು ಒಂದು ತುದಿಯಲ್ಲಿ ಕೂಡಿಸಿ, ಎರಡೂ ಮುಚ್ಚಳದ ಅಂಚನ್ನು ಮುಟ್ಟುವಂತೆ ಎರಡು ಕಡೆಯಿಂದ ಒತ್ತಿ. ಮುಚ್ಚಳವನ್ನು ಮೂಲೆಯ ಕಡೆ ತಳ್ಳಿದರೆ ಪಟ್ಟಿಗಳು ಬಾಯಿ ಬಿಡುತ್ತವೆ, ದೂರ ಎಳೆದರೆ ಮುಚ್ಚಿಕೊಳ್ಳುತ್ತವೆ. ಕಂಪಾಸ್ ಪೆಟ್ಟಿಗೆಯ ಮೂಲೆಮಟ್ಟದ 60° ಮೂಲೆಯನ್ನು ಇಟ್ಟು ನೋಡಿ, ಪಟ್ಟಿಗಳ ನಡುವೆ ಸರಿಯಾಗಿ 60° ಆದ ಗಳಿಗೆಯಲ್ಲಿ ಮುಚ್ಚಳವನ್ನು ತಡೆಯಿರಿ. ಮೂಲೆಗೂ ಮುಚ್ಚಳದ ಅಂಚಿಗೂ ನಡುವಿನ ಅತಿ ಹತ್ತಿರದ ಅಂತರ ಅಳೆದರೆ ಅದು ಮುಚ್ಚಳದ ತ್ರಿಜ್ಯದಷ್ಟೇ ಇರುತ್ತದೆ. ಅಂದರೆ ಕೇಂದ್ರಕ್ಕೆ ದೂರ ತ್ರಿಜ್ಯದ ಎರಡರಷ್ಟು.

ಕಾರಣ ಅದೇ ಲಂಬಕೋನ ತ್ರಿಭುಜ. ಪಿಯಲ್ಲಿನ ಅರ್ಧಕೋನಕ್ಕೆ ಎದುರಿನ ಬಾಹು ತ್ರಿಜ್ಯ, ವಿಕರ್ಣ ಓಪಿ. ಹಾಗಾಗಿ ಅರ್ಧಕೋನದ ಸೈನ್ ಎಂದರೆ ತ್ರಿಜ್ಯವನ್ನು ದೂರದಿಂದ ಭಾಗಿಸಿದ್ದು. ದೂರ ತ್ರಿಜ್ಯದ ಎರಡರಷ್ಟಾದರೆ ಸೈನ್ ಬೆಲೆ ½, ಅರ್ಧಕೋನ 30°, ಪೂರ್ತಿ ಕೋನ 60°. ಹತ್ತನೇ ತರಗತಿಯ ತ್ರಿಕೋನಮಿತಿ ಇಷ್ಟಕ್ಕೆ ಸಾಕು.

ಈಗ ದೂರವನ್ನು ಹೆಚ್ಚಿಸುತ್ತಾ ಹೋಗಿ. ಪಿ ವೃತ್ತದ ಮೇಲೇ ಇದ್ದಾಗ ಎರಡು ಸ್ಪರ್ಶಕಗಳೂ ಒಂದೇ ಗೆರೆಯಾಗಿ ಮಲಗಿರುತ್ತವೆ, ಕೋನ 180° ಎನ್ನಬಹುದು. ದೂರ ಎರಡರಷ್ಟಾದಾಗ 60°. ಅರ್ಧವಲ್ಲ, ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅಲ್ಲಿಂದ ಮತ್ತೆ ಎರಡರಷ್ಟು, ಅಂದರೆ ತ್ರಿಜ್ಯದ ನಾಲ್ಕರಷ್ಟು ದೂರ ಹೋದರೆ ಸುಮಾರು 28.96°. ಈ ಸಲ ಅರ್ಧಕ್ಕೆ ತೀರಾ ಹತ್ತಿರ, ಆದರೆ ಅರ್ಧವಲ್ಲ. ಹತ್ತರಷ್ಟು ದೂರದಲ್ಲಿ 11.48°, ಇಪ್ಪತ್ತರಷ್ಟರಲ್ಲಿ 5.73°. ಇಲ್ಲಿ ಅರ್ಧ ಎಂದರೂ ಕೋನಮಾಪಕ ತಪ್ಪು ಹಿಡಿಯುವುದಿಲ್ಲ. ಹೀಗಾಗಿ ಮಗಳಿಗೆ ಹೇಳಬೇಕಾದ ಉತ್ತರ: ಹತ್ತಿರದಲ್ಲಿ ಕೋನ ಅರ್ಧಕ್ಕಿಂತ ಬೇಗ ಕುಗ್ಗುತ್ತದೆ, ದೂರ ಹೋದ ಹಾಗೆ ‘ದೂರ ಎರಡರಷ್ಟು, ಕೋನ ಅರ್ಧ’ ಎಂಬುದು ನಿಜವಾಗುತ್ತಾ ಬರುತ್ತದೆ. ಪೂರ್ತಿ ನಿಜ ಎಂದೂ ಆಗುವುದಿಲ್ಲ, ಕೋನ ಸೊನ್ನೆಯೂ ಆಗುವುದಿಲ್ಲ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ನಿಮ್ಮ ಗಿರಣಿಯಲ್ಲೇ ತಿರುಗುತ್ತಿದೆ. ಅದಕ್ಕೆ ಮೊದಲು ಆಕಾಶದ ಒಂದು ಮಾತು.

ಕಣ್ಣು ಹೊರಗಿನ ಬಿಂದು, ಚಂದ್ರ ವೃತ್ತ. ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೆ ಎಂದರೆ ಕಣ್ಣಿನಿಂದ ಅವನ ಎರಡು ಅಂಚುಗಳಿಗೆ ಎಳೆದ ಸ್ಪರ್ಶಕಗಳ ನಡುವಿನ ಕೋನ ಎಷ್ಟು ಎಂದೇ ಅರ್ಥ. ಅದು ಸರಾಸರಿ ಅರ್ಧ ಡಿಗ್ರಿ, ಸರಿಯಾಗಿ ಹೇಳಬೇಕೆಂದರೆ 0.52°. ಕೈ ಚಾಚಿ, ಕಣ್ಣಿನಿಂದ 66 ಸೆಂ.ಮೀ. ದೂರದಲ್ಲಿ 6 ಮಿ.ಮೀ.ನ ಒಂದು ಕಾಳನ್ನು ಹಿಡಿದರೆ ಹುಣ್ಣಿಮೆ ಚಂದ್ರ ಅದರ ಹಿಂದೆ ಅಡಗುತ್ತಾನೆ. ಸೂರ್ಯನ ಕೋನವೂ ಹೆಚ್ಚುಕಡಿಮೆ ಅಷ್ಟೇ, 0.53°. ಚಂದ್ರ ದೂರವಿದ್ದ ದಿನ ಅವನ ಕೋನ ಸೂರ್ಯನದಕ್ಕಿಂತ ಚಿಕ್ಕದಾಗುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಗ್ರಹಣದ ಸೂರ್ಯ ಬಳೆಯಂತೆ ಕಂಡದ್ದು ಇದರಿಂದಲೇ.

ಕ್ರಿ.ಪೂ. ಮೂರನೇ ಶತಮಾನದಲ್ಲಿ ಆರ್ಕಿಮಿಡೀಸ್ ಈ ಕೋನವನ್ನು ಅಳೆದ ರೀತಿ ನನಗೆ ಬಹಳ ಇಷ್ಟ. ಉದ್ದನೆಯ ಒಂದು ಕೋಲನ್ನು ಮೂಡುವ ಸೂರ್ಯನ ಕಡೆ ಮಟ್ಟವಾಗಿ ನಿಲ್ಲಿಸಿ, ಅದರ ಮೇಲೆ ಒಂದು ಸಣ್ಣ ಉರುಳೆಯನ್ನು ಇಟ್ಟ. ಕೋಲಿನ ತುದಿಯಲ್ಲಿ ಕಣ್ಣಿಟ್ಟು, ಉರುಳೆಯನ್ನು ಹಿಂದೆ ಮುಂದೆ ಸರಿಸಿ, ಒಮ್ಮೆ ಸೂರ್ಯ ಪೂರ್ತಿ ಮರೆಯಾಗುವ ಜಾಗವನ್ನೂ ಒಮ್ಮೆ ಎರಡು ಅಂಚಿನಲ್ಲಿ ಚೂರೇ ಚೂರು ಇಣುಕುವ ಜಾಗವನ್ನೂ ಗುರುತು ಮಾಡಿಕೊಂಡ. ಆಮೇಲೆ ಅವನಿಗೊಂದು ಅನುಮಾನ ಬಂತು: ಕಣ್ಣು ಬಿಂದುವಲ್ಲ, ಅದಕ್ಕೂ ಅಗಲವಿದೆ, ಹಾಗಾದರೆ ಸ್ಪರ್ಶಕಗಳು ಕಣ್ಣಲ್ಲಿ ಕೂಡುವುದಿಲ್ಲ, ಅದರ ಹಿಂದೆಲ್ಲೋ ಕೂಡುತ್ತವೆ. ಆ ಅಗಲವನ್ನೂ ಅಳೆದು ಲೆಕ್ಕಕ್ಕೆ ಸೇರಿಸಿದ. ಸೂರ್ಯನ ಕೋನ ಒಂದು ಲಂಬಕೋನದ 164ರಲ್ಲಿ ಒಂದು ಪಾಲಿಗಿಂತ ಕಡಿಮೆ, 200ರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಂದು ಬರೆದಿಟ್ಟ. ಡಿಗ್ರಿಯಲ್ಲಿ ಅದು 0.45 ಮತ್ತು 0.55ರ ನಡುವೆ. ನಿಜವಾದ ಬೆಲೆ ಒಳಗೇ ಇದೆ. (ನಿಮ್ಮ ಮಗಳು ಇದನ್ನು ಚಂದ್ರನ ಮೇಲೆ ಮಾಡಲಿ. ಬರಿಗಣ್ಣಲ್ಲಿ ಸೂರ್ಯನನ್ನು ನೋಡುವುದು ಬೇಡವೇ ಬೇಡ.)

ಇದೇ ಚಿತ್ರವನ್ನು ಪಿಯ ಕಡೆಯಿಂದ ಬಿಟ್ಟು ವೃತ್ತದ ಕಡೆಯಿಂದ ನೋಡಿ. ಪಿಯಲ್ಲಿ ನಿಂತವನಿಗೆ ಕಾಣುವುದು ಎಯಿಂದ ಬಿವರೆಗಿನ ಹತ್ತಿರದ ಕಂಸ ಮಾತ್ರ, ಅದರ ಕೇಂದ್ರಕೋನ 180°ಯಲ್ಲಿ ಪಿಯ ಕೋನ ಕಳೆದಷ್ಟು. ದುಂಡು ಕಂಬದ ಅರ್ಧ ಕಾಣುತ್ತದೆ ಎನ್ನುತ್ತೇವೆ. ಎಷ್ಟು ದೂರ ನಿಂತರೂ ಪೂರಾ ಅರ್ಧ ಕಾಣುವುದಿಲ್ಲ. ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುತ್ತವೆ. ಭೂಮಿಯ ಕೇಂದ್ರದಿಂದ 42,164 ಕಿ.ಮೀ., ಭೂಮಿಯ ತ್ರಿಜ್ಯ ಅಲ್ಲಿ 6,378 ಕಿ.ಮೀ. ಭಾಗಿಸಿದರೆ 0.151, ಅರ್ಧಕೋನ 8.7°, ಪೂರ್ತಿ 17.4°. ಅಂದರೆ ಒಂದು ಉಪಗ್ರಹಕ್ಕೆ ಸಮಭಾಜಕದ ಸುತ್ತಿನಲ್ಲಿ 162.6° ಮಾತ್ರ ಕಾಣುತ್ತದೆ. ಎರಡು ಉಪಗ್ರಹ ಇಟ್ಟರೂ 325° ಆಗುತ್ತದೆ, 360° ತುಂಬುವುದಿಲ್ಲ. ವಿಜ್ಞಾನ ಲೇಖಕ ಆರ್ಥರ್ ಕ್ಲಾರ್ಕ್ 1945ರಲ್ಲೇ ಮೂರು ಬೇಕು ಎಂದಿದ್ದು ಇದೇ ಲೆಕ್ಕದ ಮೇಲೆ ನಿಲ್ಲುತ್ತದೆ.

ಈಗ ನಿಮ್ಮ ಗಿರಣಿ. ಮೋಟರಿಗೆ ಸಣ್ಣ ಪುಲ್ಲಿ, ಕಲ್ಲಿನ ಶಾಫ್ಟಿಗೆ ದೊಡ್ಡ ಪುಲ್ಲಿ, ನಡುವೆ ಬೆಲ್ಟ್. ಬೆಲ್ಟಿನ ಎರಡು ನೇರ ಭಾಗಗಳು ಎರಡೂ ವೃತ್ತಗಳಿಗೆ ಸ್ಪರ್ಶಕಗಳು. ಆ ಎರಡು ಗೆರೆಗಳನ್ನು ಸಣ್ಣ ಪುಲ್ಲಿಯಾಚೆ ಮನಸ್ಸಿನಲ್ಲೇ ಮುಂದುವರಿಸಿ. ಎಲ್ಲೋ ಒಂದು ಕಡೆ ಕೂಡುತ್ತವೆ. ಅದೇ ನಮ್ಮ ಪಿ. ಸಣ್ಣ ಪುಲ್ಲಿಯನ್ನು ಬೆಲ್ಟ್ ತಬ್ಬಿಕೊಂಡಿರುವುದು ಪಿಯ ಕಡೆಗಿನ ಕಂಸವನ್ನು, ಅಂದರೆ 180°ಯಲ್ಲಿ ಪಿಯ ಕೋನ ಕಳೆದಷ್ಟನ್ನು. ದೊಡ್ಡ ಪುಲ್ಲಿಯಲ್ಲಿ ತಬ್ಬಿರುವುದು ಹಿಂಭಾಗವನ್ನು, ಅದು 180°ಕ್ಕೆ ಪಿಯ ಕೋನ ಕೂಡಿಸಿದಷ್ಟು. ಒಂದು ಕಡೆ ಕಳೆದುಹೋದದ್ದು ಇನ್ನೊಂದು ಕಡೆ ಸಿಕ್ಕಿದೆ.

ಅಂಕಿ ಹಾಕೋಣ. ದೊಡ್ಡ ಪುಲ್ಲಿಯ ವ್ಯಾಸ 60 ಸೆಂ.ಮೀ., ಸಣ್ಣದರದು 12, ಎರಡರ ಕೇಂದ್ರಗಳ ನಡುವೆ 1 ಮೀಟರ್ ಎಂದುಕೊಳ್ಳಿ. ಪಿಯ ಅರ್ಧಕೋನದ ಸೈನ್ ಕಂಡುಹಿಡಿಯಲು ತ್ರಿಜ್ಯಗಳ ವ್ಯತ್ಯಾಸವನ್ನು ಕೇಂದ್ರಗಳ ದೂರದಿಂದ ಭಾಗಿಸಬೇಕು: 30ರಲ್ಲಿ 6 ಕಳೆದರೆ 24, ಅದನ್ನು 100ರಿಂದ ಭಾಗಿಸಿದರೆ 0.24. ಕೋನ 27.8°. ಸಣ್ಣ ಪುಲ್ಲಿಗೆ ಬೆಲ್ಟಿನ ಹಿಡಿತ 152°. ಜಾಗ ಉಳಿಸಲು ಮೋಟರನ್ನು 60 ಸೆಂ.ಮೀ.ಗೆ ಹತ್ತಿರ ತಂದರೆ? 24ನ್ನು 60ರಿಂದ ಭಾಗಿಸಿ 0.4, ಕೋನ 47°, ಹಿಡಿತ 133°ಕ್ಕೆ ಇಳಿಯಿತು. ಬೆಲ್ಟ್ ಜಾರದೆ ಎಷ್ಟು ಎಳೆಯಬಲ್ಲದು ಎಂಬುದು ಈ ಸುತ್ತಿನ ಕೋನದ ಮೇಲೆ ನಿಂತಿದೆ. ಲೋಡ್ ಬಿದ್ದಾಗ ಜಾರುವುದು ಸಾಮಾನ್ಯವಾಗಿ ಸಣ್ಣ ಪುಲ್ಲಿಯಲ್ಲಿ, ದೊಡ್ಡದರಲ್ಲಲ್ಲ. ನೀವಿದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಕೆಲವು ಕಡೆ ಸಡಿಲ ಭಾಗದ ಬೆಲ್ಟನ್ನು ಹೊರಗಿನಿಂದ ಒತ್ತಲು ಇನ್ನೊಂದು ಪುಟ್ಟ ಗಾಲಿ ಇಟ್ಟಿರುತ್ತಾರೆ. ಅದು ಮಾಡುವ ಕೆಲಸ ಇಷ್ಟೇ: ಸ್ಪರ್ಶಬಿಂದುವನ್ನು ಸರಿಸಿ ಸಣ್ಣ ಪುಲ್ಲಿಯ ಮೇಲಿನ ಸುತ್ತನ್ನು ಹೆಚ್ಚಿಸುವುದು.

ಬೆಲ್ಟನ್ನು ಎಂಟರ ಆಕಾರದಲ್ಲಿ ಅಡ್ಡಹಾಕಿದರೆ ಪಿ ಎರಡು ಪುಲ್ಲಿಗಳ ನಡುವೆಯೇ ಬರುತ್ತದೆ. ಆಗ ವ್ಯತ್ಯಾಸದ ಬದಲು ತ್ರಿಜ್ಯಗಳ ಮೊತ್ತ ತೆಗೆದುಕೊಳ್ಳಬೇಕು: 36ನ್ನು 100ರಿಂದ ಭಾಗಿಸಿ 0.36, ಕೋನ 42.2°, ಎರಡೂ ಪುಲ್ಲಿಗಳಿಗೆ ಒಂದೇ ಸಮ 222° ಹಿಡಿತ. ಹಿಡಿತ ಭರ್ಜರಿ, ಆದರೆ ಬೆಲ್ಟ್ ತನ್ನನ್ನೇ ಉಜ್ಜಿಕೊಂಡು ಸವೆಯುತ್ತದೆ, ಶಾಫ್ಟ್ ಉಲ್ಟಾ ತಿರುಗುತ್ತದೆ.

ಮೊದಲಿನ, ಅಡ್ಡಹಾಕದ ಬೆಲ್ಟಿನಲ್ಲಿ ಪಿ ಎಲ್ಲಿದೆ ಎಂದು ಕೇಳಬಹುದು. ಸಣ್ಣ ತ್ರಿಜ್ಯವನ್ನು ಕೇಂದ್ರಗಳ ದೂರದಿಂದ ಗುಣಿಸಿ, ತ್ರಿಜ್ಯಗಳ ವ್ಯತ್ಯಾಸದಿಂದ ಭಾಗಿಸಿ: 6 ಗುಣಿಸು 100, ಭಾಗಿಸು 24, ಅಂದರೆ ಸಣ್ಣ ಪುಲ್ಲಿಯ ಕೇಂದ್ರದಿಂದ 25 ಸೆಂ.ಮೀ. ಆಚೆ. ಈ ಭಾಗಾಕಾರ ಹೊಸದೇನಲ್ಲ. ದೊಡ್ಡ ಪುಲ್ಲಿಯ ಜಾಗದಲ್ಲಿ ಸೂರ್ಯನನ್ನೂ ಸಣ್ಣದರ ಜಾಗದಲ್ಲಿ ಭೂಮಿಯನ್ನೂ ಇಡಿ. ಬೆಲ್ಟಿನ ಗೆರೆಗಳು ಬೆಳಕಿನ ಗೆರೆಗಳಾಗುತ್ತವೆ, ಭೂಮಿಯಿಂದ ಪಿಯವರೆಗಿನ ಭಾಗ ಭೂಮಿಯ ನೆರಳಾಗುತ್ತದೆ. ಆ ನೆರಳಿನ ಉದ್ದಕ್ಕೆ ಆರ್ಯಭಟ ತನ್ನ ಆರ್ಯಭಟೀಯದ ಗೋಲಪಾದದಲ್ಲಿ ಕೊಟ್ಟಿರುವ ನಿಯಮ ಇದೇ: ಸೂರ್ಯನಿಗಿರುವ ದೂರವನ್ನು ಭೂಮಿಯ ವ್ಯಾಸದಿಂದ ಗುಣಿಸಿ, ಎರಡರ ವ್ಯಾಸಗಳ ವ್ಯತ್ಯಾಸದಿಂದ ಭಾಗಿಸು. ಅವನು ಇಟ್ಟುಕೊಂಡಿದ್ದ ಸೂರ್ಯನ ದೂರ ಇಂದಿನದಕ್ಕೆ ಹೊಂದುವುದಿಲ್ಲ, ನಿಯಮಕ್ಕೆ ಮಾತ್ರ ಮುಕ್ಕಿಲ್ಲ. ಇಂದಿನ ಅಂಕಿಗಳನ್ನು ಹಾಕಿದರೆ, ದೂರ 14.96 ಕೋಟಿ ಕಿ.ಮೀ., ಭೂಮಿಯ ವ್ಯಾಸ 12,742 ಕಿ.ಮೀ., ಸೂರ್ಯನದು ಸುಮಾರು 13.93 ಲಕ್ಷ ಕಿ.ಮೀ., ನೆರಳಿನ ಉದ್ದ ಸುಮಾರು 13.8 ಲಕ್ಷ ಕಿ.ಮೀ. ಬರುತ್ತದೆ. ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ, ನೆರಳು ಇನ್ನೂ ಅಗಲವಾಗಿರುವ ಕಡೆ. ಅಲ್ಲಿ ಅದರ ಅಗಲ ಎಷ್ಟು ಎಂಬುದನ್ನು ಸಮರೂಪ ತ್ರಿಭುಜಗಳಿಂದ ಮಗಳೇ ಕಂಡುಹಿಡಿಯಲಿ. 9,200 ಕಿ.ಮೀ. ಆಸುಪಾಸು ಬಂದರೆ ಲೆಕ್ಕ ಸರಿ. ಚಂದ್ರನ ವ್ಯಾಸ 3,475 ಕಿ.ಮೀ.; ಅಂಥವು ಎರಡು ಪಕ್ಕಪಕ್ಕ ನಿಂತರೂ ಆ ನೆರಳಿನಲ್ಲಿ ಜಾಗ ಉಳಿಯುತ್ತದೆ.